ಉದುರದ ಎಲೆಗಳ ಲೆಕ್ಕ

ಫೌಜದಾರ ಸೋಮನಿಂಗ ಎರಡೂ ಕೈಯಿಂದ ಟೊಂಗೆ ಹಿಡಿದು ಜಗ್ಗಿದ, ಅಲುಗಾಡಿಸಿದ, ಕೊನೆಗೆ ಸಿಟ್ಟಿಗೆದ್ದು ಬೊಡ್ಡೆಗೆ ಬೂಟುಗಾಲಿನಿಂದ ಒದ್ದೂ ನೋಡಿದ. ಲಿಂಬೆಯ ಗಿಡ ಸತ್ತು ಹೋಗಿತ್ತು. ಮೈತುಂಬ ಎಲೆಗಳು ಒಣಗಿ ಕಂದಾಗಿದ್ದವು. ಆದರೂ ಒಂದೇ ಒಂದು ಎಲೆ ಕೆಳಗೆ ಬೀಳಲಿಲ್ಲ.

"ಇನ್ನೊಮ್ಮೆ ಅಲಗಾಡಸ್ರಿ," ಎಂದಳು ಅವನ ಹೆಂಡತಿ ಜಯಮಾಲಾ.

"ಏ, ಸಾಕ್ ಬಿಡ. ಮುಳ್ಳ ಚುಚ್ಚಿ ಹೆಬ್ಬೆಟ್ಟಿನಾಗ ರಕ್ತ ಬಂತಿಲ್ಲಿ."

"ಬರ್ಲಿ. ಜೀವಂತ ಅದೀರಿ ಅಂತ ಖಾತ್ರಿ ಆತು. ಈಗ ಆ ಕಡೀ ಸಾಲಿನ ಗಿಡ ಅಲಗಾಡಸ್ರಿ, ನೋಡೂಣು."

ಆ ಕಡೆಯ ಸಾಲಿನ ಗಿಡ ಬದುಕಿತ್ತು. ನೀರಿಲ್ಲದೆ ಸೊರಗಿ, ಎಲೆ ಮುದುರಿ, ಹಳದಿಗಟ್ಟಿ, ನೋಡಿದರೆ ಅಯ್ಯೋ ಅನ್ನಿಸುವಂತಿತ್ತು. ಸೋಮನಿಂಗ ಟೊಂಗೆ ಮುಟ್ಟಿದ್ದೇ ತಡ, ಹಳದಿ ಎಲೆಗಳು ಅವನ ಟೊಪ್ಪಿಗೆಯ ಮೇಲೆ, ಹೆಗಲ ಮೇಲೆ ಪಟಪಟ ಉದುರಿದವು. ಅವನು ಸತ್ತ ಗಿಡದ ಕಡೆ ನೋಡಿದ. ಮತ್ತೆ ಈ ಗಿಡದ ಕಡೆ ನೋಡಿದ.

"ಅಲೇ ಇದರ! ಬದುಕಿದ್ದು ಉದುರಸ್ತೈತಿ, ಸತ್ತದ್ದು ಹಿಡಕೊಂಡು ನಿಂತೈತಿ!"

"ಅದನ್ನೇ ನಿನ್ನೆ ಸಂಜಿಂದ ಬಡಕೊಳ್ಳಾಕತ್ತೇನಿ," ಎಂದಳು ಜಯಮಾಲಾ.

ಝಳಕಿಯಿಂದ ಎರಡು ಮೈಲಿನ ಮೇಲಿದ್ದ ಈ ತೋಟದ ಮಾಲೀಕ ಶ್ರೀಶೈಲಪ್ಪ ಸಾಹುಕಾರ ತನ್ನ ಬಾವಿಯಲ್ಲೇ ತಲೆ ಒಡೆದ ಹೆಣವಾಗಿ ಸಿಕ್ಕು ಇಂದಿಗೆ ಹನ್ನೆರಡು ದಿನ. ಇಪ್ಪತ್ತೆರಡು ವರ್ಷ ಅವನ ತೋಟ ಕಾಯ್ದ ನಬಿಲಾಲ ಕೊಲೆಗಾರನೆಂದು ಲಾಕಪ್ಪಿನಲ್ಲಿದ್ದ. ನಾಳೆ ಸೋಮವಾರ ಹನ್ನೊಂದಕ್ಕೆ ಅವನನ್ನು ಕೋರ್ಟಿಗೆ ನಿಲ್ಲಿಸಬೇಕು. ಸರ್ಕಲ್ ಸಾಹೇಬರು ಕಾಗದವನ್ನೆಲ್ಲ ಸಿದ್ಧ ಮಾಡಿಟ್ಟು, ಸೋಮನಿಂಗನ ಸಹಿಗೊಂದೇ ಜಾಗ ಖಾಲಿ ಬಿಟ್ಟಿದ್ದರು. ಸಹಿ ಬಿದ್ದರೆ ನಬಿಲಾಲನ ಜೀವಮಾನ ಜೈಲಿನಲ್ಲೇ ಮುಗಿಯುತ್ತಿತ್ತು.

ಸೋಮನಿಂಗನ ಪೆನ್ನು ಮಾತ್ರ ಯಾಕೋ ಮೇಲೇಳುತ್ತಿರಲಿಲ್ಲ.

ಅವನಿಗೆ ಅಂಟಿದ ಸಂಶಯಕ್ಕೆ ಕಾರಣ ಈ ಒಂಬತ್ತು ಗಿಡಗಳೇ. ಬಾವಿಯ ಪಕ್ಕದ ಒಂಬತ್ತು ಗಿಡಗಳ ಈ ಸಾಲು ಪೂರಾ ಸತ್ತಿತ್ತು. ಕಾಗದದಲ್ಲಿ ಬರೆದದ್ದು ಹೀಗೆ: ನಬಿಲಾಲ ನೀರು ಬಿಡುವುದನ್ನು ಮರೆತ, ಗಿಡ ಒಣಗಿದವು, ಸಾಹುಕಾರ ಬೈದ, ನಬಿಲಾಲ ಸಿಟ್ಟಿನಲ್ಲಿ ಕಲ್ಲು ಎತ್ತಿದ. ಕೇಳಲು ಸರಳ, ನಂಬಲು ಇನ್ನೂ ಸರಳ. ಆದರೆ ಲಿಂಬೆಯ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತಿದ್ದ ಮಾತೊಂದಿತ್ತು. ಇಲ್ಲಿ ನೀರು ಮರೆಯುವುದಿಲ್ಲ, ಬೇಕೆಂದೇ ನಿಲ್ಲಿಸುತ್ತಾರೆ. ಮಳೆ ಹಿಂದೆ ಸರಿದ ಮೇಲೆ ಗಿಡಕ್ಕೆ ಹನಿ ನೀರು ತೋರಿಸುವುದಿಲ್ಲ. ಸಾವು ಬಂತೆಂದು ಗಿಡ ಹೆದರಬೇಕು, ಎಲೆ ಚೆಲ್ಲಬೇಕು. ಆಗ ಗೊಬ್ಬರ ಹಾಕಿ ನೀರು ಬಿಟ್ಟರೆ ಮೈತುಂಬ ಹೂ. ಬೇಸಿಗೆಯಲ್ಲಿ, ಜನ ಲಿಂಬೆಗಾಗಿ ಬಾಯಿಬಾಯಿ ಬಿಡುವ ಹೊತ್ತಿಗೆ, ಕಾಯಿ ಕೈಗೆ ಬರುತ್ತದೆ. ಇದಕ್ಕೆ ಬಹಾರ ಹಿಡಿಯುವುದು ಅನ್ನುತ್ತಾರೆ.

ಎಷ್ಟು ದಿನ ಹೆದರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಇಡೀ ವರ್ಷದ ಬಾಳು. ಒಬ್ಬೊಬ್ಬರದು ಒಂದೊಂದು ರೀತಿ. ಶ್ರೀಶೈಲಪ್ಪನ ರೀತಿ ವಿಚಿತ್ರ. ಬಾವಿ ಸಾಲಿನ ಆರನೆಯ ಗಿಡದ ಕೆಳಗೆ ದಿನಾ ಸಂಜೆ ತನ್ನದೊಂದು ಹಳೆಯ ಧೋತರ ಹಾಸುತ್ತಿದ್ದ. ಬೆಳಗಿನ ಆರಕ್ಕೆ ಬಂದು ಅದರ ಮೇಲೆ ಬಿದ್ದ ಎಲೆಗಳನ್ನು ಎಣಿಸುತ್ತಿದ್ದ. ಎಣಿಸಿದ್ದನ್ನು ಪಂಪ್‌ಶೆಡ್ಡಿನ ಬಾಗಿಲ ಒಳಮೈ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ. ಅರವತ್ತು ದಾಟಿದ ದಿನ ನೀರು.

"ಮತ್ತೊಮ್ಮೆ ಹೇಳ, ನಂಗ ತಿಳಿಯೂ ಹಂಗ," ಎಂದ ಸೋಮನಿಂಗ, ಟೊಪ್ಪಿಗೆ ಝಾಡಿಸುತ್ತ.

ಜಯಮಾಲಾ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಗಂಡ ಶುಕ್ರವಾರ ಜೇಬಿನಲ್ಲಿ ತಂದ ಎರಡು ಟೊಂಗೆಗಳನ್ನು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವಳೂ ಅವಳೇ. ದಡ್ಡ ಹುಡುಗನಿಗೆ ಪಾಠ ಹೇಳುವ ದನಿ ತೆಗೆದಳು.

"ಎಲಿ ತೊಟ್ಟಿನ ಬುಡದಾಗ ಒಂದು ಸಾಲು ಸಣ್ಣ ಜೀವಕೋಶ ಇರ್ತಾವ. ನೀರು ಸಿಗಲಿಲ್ಲಂದ್ರ ಗಿಡದ ಕೋಶಗೋಳು ಒಮ್ಮೆಲೇ ಸಾಯಂಗಿಲ್ಲ. ಮೊದಲ ಕೆಲಸ ಕಮ್ಮಿ ಮಾಡ್ತಾವ. ಒಳಗ ಕೆಟ್ಟದ್ದು ದುರಸ್ತಿ ಮಾಡಿಕೋತಾವ. ತಡಕೊಳ್ಳೂತನಕ ತಡಕೋತಾವ. ಇನ್ನ ಆಗಂಗಿಲ್ಲ ಅಂದಾಗ, ಇಷ್ಟು ಎಲಿ ಬಿಟ್ಟುಕೊಟ್ರ ಉಳದದ್ದು ಉಳೀತೈತಿ ಅಂತ ಗಿಡದಾಗ ತೀರ್ಮಾನ ಆಗತೈತಿ. ಎಲ್ಯಾಗಿನ ಸತ್ವ ಟೊಂಗಿ ವಾಪಸ್ ಎಳಕೋತೈತಿ. ಬುಡದಾಗಿನ ಆ ಸಾಲು ಕೋಶ ಸಡಲಾಗಿ ದಾರಿ ಬಿಡ್ತಾವ. ಎಲಿ ಕಳಚಿ ಬೀಳ್ತೈತಿ."

"ಅಂದ್ರ ಎಲಿ ಬೀಳಬೇಕಾದ್ರ ಗಿಡ ಜೀವಂತ ಇರಬೇಕು."

"ಹಾಂ! ಇರಲೇಬೇಕು. ಕೈಬಿಡಾಕೂ ಜೀವ ಬೇಕ್ರಿ. ಈ ಸಾಲಿನ ಗಿಡಗೋಳಿಗೆ ತೀರ್ಮಾನ ಮಾಡಾಕ ಪುರಸೊತ್ತೇ ಸಿಕ್ಕಿಲ್ಲ. ಕೋಶ ಎಲ್ಲಾ ಒಡದು, ಸುಟ್ಟಂಗಾಗಿ ಹೋಗ್ಯಾವ. ಎಲಿ ಎಲ್ಲಿದ್ದುವೋ ಅಲ್ಲೇ ಒಣಗಿ ನಿಂತಾವ."

"ಆ ಸಾಲಿಂದು ತಾನಾಗಿ ಬಿಟ್ಟದ್ದು, ಈ ಸಾಲಿಂದು ಕೊಂದದ್ದು. ಇಷ್ಟ ಹೇಳಿದ್ರ ಪೊಲೀಸರಿಗೆ ತಿಳೀತಿತ್ತಲ್ಲ!"

ಅವನು ಮೊಣಕಾಲೂರಿ ಕೂತು ಆರನೆಯ ಗಿಡದ ಬುಡದ ಮಣ್ಣು ಕೆದರತೊಡಗಿದ. ನಾಲ್ಕು ಬೆರಳು ಆಳದಲ್ಲಿ ಬೊಡ್ಡೆಗೆ ಸೆಗಣಿ ಮೆತ್ತಿತ್ತು. ಒಣಗಿ ಬಿಲ್ಲೆಯಾಗಿದ್ದ ಅದನ್ನು ಚಾಕುವಿನ ತುದಿಯಿಂದ ಎಬ್ಬಿಸಿದಾಗ ಒಳಗೊಂದು ತೂತು ಕಂಡಿತು. ಬೆರಳು ಹೋಗುವಷ್ಟು ದುಂಡು, ಬಡಿಗನ ಗಿರಮಿಟ್ಟಿನಿಂದ ಕೊರೆದದ್ದು. ಮೂಗು ಹತ್ತಿರ ಒಯ್ದ, ಥಟ್ಟನೆ ಹಿಂದೆ ಸರಿದ. ಕಳೆ ಸುಡಲು ಹೊಡೆಯುವ ಎಣ್ಣೆಯ ವಾಸನೆ ಹನ್ನೆರಡು ದಿನದ ಮೇಲೂ ಹೋಗಿರಲಿಲ್ಲ.

ಏಳನೆಯ ಗಿಡಕ್ಕೂ ತೂತು. ಎಂಟನೆಯದಕ್ಕೂ.

ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಗೌಸಬಿ ಇದನ್ನೆಲ್ಲ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನಬಿಲಾಲನ ಹೆಂಡತಿ. ತೋಟದ ಮೂಲೆಯ ಗುಡಿಸಲು ಅವಳದೇ. ಬೆಳಗಿನ ಒಂಬತ್ತಕ್ಕೆ ಜೀಪು ಬಂದಾಗಿನಿಂದ ಅವಳು ಸೋಮನಿಂಗನ ಹಿಂದೆ ಹಿಂದೆಯೇ ಇದ್ದಳು. ಮುಖದಲ್ಲಿ ಆಶ್ಚರ್ಯದ ಗೆರೆಯೊಂದೂ ಇರಲಿಲ್ಲ. ಅದು ಸೋಮನಿಂಗನಿಗೆ ಸರಿಬರಲಿಲ್ಲ.

"ನಿಂಗ ಇದು ಮೊದಲೇ ಗೊತ್ತಿತ್ತೇನು ಗೌಸಬಿ?"

"ತೂತು ಗೊತ್ತಿಲ್ರಿ. ಗಿಡ ಸತ್ತದ್ದು ಗೊತ್ತಿತ್ತು. ಸೋಮವಾರ ಮುಂಜಾನೆನೇ ನಮ್ಮ ಮನಿಯವರು ಸಾವ್ಕಾರ್ರಿಗೆ ಹೇಳಿದ್ರು. ಗಿಡ ಎಲಿ ಬಿಡಾಕ ಒಲ್ಲದ್ರಿ, ಅದರ ಜೀವ ಹೋಗೈತ್ರಿ ಅಂತ. ಸಾವ್ಕಾರ್ರು ಮಾರಿ ಕಪ್ಪಿಟ್ಟುಕೊಂಡು ಕುಂತಬಿಟ್ರು."

"ಹನ್ನೆರಡು ದಿನದಾಗ ಇದನ್ನ ಯಾಕ ಹೇಳಲಿಲ್ಲ?"

"ಕೇಳಿದ್ರೇನ್ರಿ ಯಾರರ? ನಿಮ್ಮ ಮಂದಿ ಕೇಳಿದ್ದು ಎರಡೇ ಮಾತು. ಯಾಕ ಕೊಂದ, ಹೆಂಗ ಕೊಂದ." ಗೌಸಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತ ನಿಮ್ಮ ಜೋಡಿ ನಿಂತು ಅವರಿಗೆ ಬುತ್ತಿ ಒಯ್ಯೂದೂ ತಪ್ಪಿತು. ಪಾಪ, ಉಪಾಸ ಕುಂತಿರ್ತಾರ."

ಸೋಮನಿಂಗ ಜೀಪಿನಿಂದ ಕೀಲಿಕೈ ತರಿಸಿ ಪಂಪ್‌ಶೆಡ್ಡಿನ ಬಾಗಿಲು ತೆಗೆದ. ಈ ಬಾಗಿಲ ಒಳಮೈ ಇಲಾಖೆಯ ಗುಟ್ಟು. ಹೆಣ ಸಿಕ್ಕ ದಿನ ಶೆಡ್ಡು ತೆರೆಸಿದಾಗ ಒಳಗೆ ಬಂದವರು ಪೊಲೀಸರು ಮತ್ತು ಸಾಹುಕಾರನ ಮಗ ಅನಿಲ ಇಷ್ಟೇ. ನಬಿಲಾಲನನ್ನು ಆಗ ಬಾವಿಯ ಕಟ್ಟೆಯ ಮೇಲೆ ಕೂಡಿಸಿದ್ದರು. ಬಾಗಿಲ ಮೇಲಿನ ಮಾತನ್ನು ಅವನ ಎದುರು ಯಾರೂ ಎತ್ತಕೂಡದೆಂದು ಸೋಮನಿಂಗನೇ ಕಟ್ಟಪ್ಪಣೆ ಮಾಡಿದ್ದ.

ಕೊನೆಯ ನಾಲ್ಕು ದಿನದ ಅಂಕಿಗಳು ಒಂದರ ಕೆಳಗೊಂದು ಇದ್ದವು. ಶನಿವಾರ ೩೮. ರವಿವಾರ ೪೧. ಸೋಮವಾರ ೩. ಮಂಗಳವಾರ ೧೪೦.

ಈ ನೂರಾ ನಲವತ್ತೇ ನಬಿಲಾಲನ ಕೊರಳಿಗೆ ಬಿದ್ದ ಉರುಲು. ಮಂಗಳವಾರದ ಅಂಕಿ ಇದೆಯೆಂದರೆ ಮಂಗಳವಾರ ಬೆಳಗಿನ ಆರಕ್ಕೆ ಸಾಹುಕಾರ ಬದುಕಿದ್ದ, ಎಣಿಸಿದ್ದ, ಬರೆದಿದ್ದ. ಏಳಕ್ಕೆ ಹೆಣ ಬಾವಿಯಲ್ಲಿ. ಗೌಸಬಿ ನೆಂಟರೂರಿನಲ್ಲಿ ಉಳಿದಿದ್ದರಿಂದ, ನಡುವಿನ ಒಂದು ತಾಸು ತೋಟದಲ್ಲಿ ಇದ್ದವನು ನಬಿಲಾಲ ಒಬ್ಬನೇ. ನೀರಿನಲ್ಲಿದ್ದ ಹೆಣದ ವೇಳೆ ಖಚಿತ ಹೇಳಲಾಗದು ಎಂದು ಡಾಕ್ಟರು ಕೈಚೆಲ್ಲಿದ್ದರು. ಸೋಮವಾರದ ಮೂರನ್ನು ನೋಡಿ ಎಲ್ಲರೂ, ಮುದುಕ ಮೂವತ್ತು ಬರೆಯಲು ಹೋಗಿ ಸೊನ್ನೆ ಮರೆತಿದ್ದಾನೆ ಎಂದು ನಕ್ಕಿದ್ದರು. ನಕ್ಕವರಲ್ಲಿ ಸೋಮನಿಂಗನೂ ಇದ್ದ. ಈಗ ಅದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

"ಗೌಸಬಿ, ಇಲ್ಲಿ ಬಾ. ಈ ಕಡೀ ಅಂಕಿ ನೋಡು. ನೂರಾ ನಲವತ್ತು ಎಲಿ."

ಅವಳು ಹುಬ್ಬು ಗಂಟಿಕ್ಕಿ ನೋಡಿದಳು. "ಯಾವ ಗಿಡದ್ದು?"

"ಆರನೇದು."

"ಹುಚ್ಚಿದ್ದೀರೇನ್ರಿ! ಆರನೇ ಗಿಡ ಸೋಮವಾರನೇ ಸತ್ತಿತ್ತಂತ ಈಗ ಹೇಳೇನಿ. ಸತ್ತ ಗಿಡ ನಾಲ್ಕು ಎಲಿ ಉದುರಸಂಗಿಲ್ಲ, ನೂರಾ ನಲವತ್ತಂತ! ಗಿಡ ಗೊತ್ತಿದ್ದವರು ಯಾರೂ ಇದನ್ನ ಬರಿಯಂಗಿಲ್ಲ."

ಸೋಮನಿಂಗ ಹೆಂಡತಿಯ ಮುಖ ನೋಡಿದ. ಜಯಮಾಲಾ ತಲೆಯಾಡಿಸಿದಳು. ಮಂಗಳವಾರದ ಅಂಕಿ ಸಾಹುಕಾರನದಲ್ಲ. ಸತ್ತವನು ಬದುಕಿದ್ದಾನೆಂದು ತೋರಿಸಲು ಕೊಂದವರು ಬರೆದದ್ದು. ಗಿಡ ಒಣಗಿದೆ, ಹಾಗಾಗಿ ಎಲೆ ರಾಶಿ ಬಿದ್ದಿರಬೇಕು ಎಂದು ಅಂದಾಜು ಮಾಡಿ, ದೊಡ್ಡ ಅಂಕಿ ಹಾಕಿದ್ದಾರೆ. ಸಾಹುಕಾರ ಸತ್ತದ್ದು ಸೋಮವಾರ, ಊರವರು ಅವನನ್ನು ಕೊನೆಗೆ ನೋಡಿದ ಮಧ್ಯಾಹ್ನದ ಮೇಲೆ. ಸೋಮವಾರ ಮಧ್ಯಾಹ್ನದಿಂದ ಮರುದಿನ ನಸುಕಿನವರೆಗೆ ನಬಿಲಾಲ ಹೆಂಡತಿಯೊಡನೆ ಸೋದರತ್ತೆಯ ಮಣ್ಣು ಕೊಡುವುದಕ್ಕೆ ಹಲಸಂಗಿಗೆ ಹೋಗಿದ್ದ. ನೋಡಿದವರು ಇಪ್ಪತ್ತು ಮಂದಿ.

"ಆ ಧೋತರ ಎಲ್ಲಿ ಹೋತು ಗೌಸಬಿ? ಎಷ್ಟು ಹುಡುಕಿದ್ರೂ ಸಿಕ್ಕಿಲ್ಲ. ಹೆಂಗಿತ್ತು?"

"ಹಸರು ದಡಿ. ಒಂದು ಮೂಲ್ಯಾಗ ಬೀಡಿ ಕಿಡಿ ಬಿದ್ದು ಸುಟ್ಟ ತೂತು. ಇಪ್ಪತ್ತು ಸಲ ಒಗದೇನ್ರಿ, ಕಣ್ಣು ಮುಚ್ಚಿ ಗುರ್ತ ಹಿಡೀತೇನಿ."

ಅಷ್ಟರಲ್ಲಿ ಬುಲೆಟ್ ಗಾಡಿಯ ಸಪ್ಪಳ ಕೇಳಿಸಿತು.

ಅನಿಲ ಇಳಿದು ಕರವಸ್ತ್ರದಿಂದ ಕೊರಳ ಧೂಳು ಒರೆಸಿಕೊಂಡ. ಮೂವತ್ತೈದರ ಆಳು. ಸಿಂದಗಿಯಲ್ಲಿ ಗಾಡಿಯ ಬಿಡಿಭಾಗದ ಅಂಗಡಿ ಇಟ್ಟವನು. ಹೈವೇ ಅಗಲವಾಗುತ್ತದೆಂಬ ಸುದ್ದಿ ಎದ್ದಾಗಿನಿಂದ, ಈ ತೋಟ ಕಡಿದು ಪೆಟ್ರೋಲ್ ಪಂಪು ಹಾಕೋಣವೆಂದು ಅಪ್ಪನ ಬೆನ್ನು ಹತ್ತಿದ್ದ. ಗಿಡ ಬದುಕಿರುವ ತನಕ ಆ ಮಾತು ಬೇಡ ಎಂದಿದ್ದ ಅಪ್ಪ. ಇದನ್ನು ಝಳಕಿಯ ಚಹಾದಂಗಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

"ಸಾಹೇಬ್ರು ಆಯತವಾರನೂ ಬಿಡುವಿಲ್ಲದ ದುಡಿಯಾಕತ್ತೀರಿ! ನಾಳೆ ಕೋರ್ಟಿನ ಕೆಲಸ ಮುಗೀತೈತಲ್ರಿ?"

"ಮುಗಸೂಣು ಅಂತನೇ ಬಂದೇನಿ." ಸೋಮನಿಂಗ ಮನೆಯಿಂದ ತಂದಿದ್ದ ಧೋತರವೊಂದನ್ನು ಆರನೆಯ ಗಿಡದ ಕೆಳಗೆ ನಿಧಾನವಾಗಿ ಹಾಸಿದ. ನಾಲ್ಕೂ ಮೂಲೆಗೆ ಕಲ್ಲಿಟ್ಟ. "ಅನಿಲ, ನಿಮ್ಮಪ್ಪ ಹಿಂಗ ಹಾಸ್ತಿದ್ದ, ಅಲ್ಲ?"

"ಹೌದ್ರಿ. ಸಣ್ಣಾವಿದ್ದಾಗಿಂದ ನೋಡೇನಿ."

"ಈಗ ನಂದೊಂದು ಸಣ್ಣ ಲೆಕ್ಕ. ಈ ಗಿಡ ನೋಡು. ಪೂರಾ ಒಣಗೈತಿ. ನಾಳೆ ಮುಂಜಾನೆ ಆರಕ್ಕ ಇದರ ಮ್ಯಾಲ ಎಷ್ಟು ಎಲಿ ಬಿದ್ದಿರ್ತಾವ?"

ಅನಿಲ ನಕ್ಕ. "ಇದೇನ್ರಿ ಸಾಲಿ ಪರೀಕ್ಷಾ ನಡಸೀರಿ! ಇಷ್ಟು ಒಣಗಿದ ಗಿಡ. ಒಂದು ಗಾಳಿ ಬಂದ್ರ ರಾಶಿ ಬೀಳ್ತಾವ. ನೂರು, ನೂರೈವತ್ತು."

ಬದುವಿನ ಕಡೆಯಿಂದ ಗೌಸಬಿ ಉಸಿರು ಎಳೆದುಕೊಂಡ ಸಪ್ಪಳ ಸ್ಪಷ್ಟ ಕೇಳಿಸಿತು. ಸೋಮನಿಂಗ ಅವಳ ಕಡೆ ತಿರುಗಲಿಲ್ಲ. ಅನಿಲನ ಕಣ್ಣಿನಿಂದ ಕಣ್ಣು ಕೀಳಲಿಲ್ಲ.

"ಅಲಗಾಡಸು."

"ಏನ್ರಿ?"

"ಟೊಂಗಿ ಹಿಡದು ಅಲಗಾಡಸು ಅಂದೆ."

ಅನಿಲ ಮೊದಲು ಒಂದು ಕೈಯಿಂದ, ಆಮೇಲೆ ಎರಡೂ ಕೈಯಿಂದ ಅಲುಗಾಡಿಸಿದ. ಒಣಗಿದ ಎಲೆಗಳು ಗಲಗಲ ಸಪ್ಪಳ ಮಾಡಿದವು. ಧೋತರ ಬೆಳ್ಳಗೇ ಇತ್ತು. ಅವನ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಸತ್ತ ಗಿಡ ಎಲಿ ಬಿಡಂಗಿಲ್ಲೋ ತಮ್ಮಾ. ನಿಮ್ಮಪ್ಪಗ ಗೊತ್ತಿತ್ತು. ನಬಿಲಾಲಗ ಗೊತ್ತಿತ್ತು. ಬಾಗಲಾ ಮ್ಯಾಲ ನೂರಾ ನಲವತ್ತು ಬರದಾವಗ ಗೊತ್ತಿರಲಿಲ್ಲ. ನಿನ್ನಂಗ."

ಅನಿಲ ಟೊಂಗೆ ಬಿಟ್ಟ. ಆದರೂ ಹುಂಬನಲ್ಲ ಅವನು, ಗಕ್ಕನೆ ಸಾವರಿಸಿಕೊಂಡ.

"ನಂಗೊಬ್ಬಗೇ ಗೊತ್ತಿಲ್ಲೇನ್ರಿ? ನಿನ್ನೆತನಕ ನಿಮಗ ಗೊತ್ತಿತ್ತೇನು? ಗಿಡದ ಕೂಡ ಬಾಳೇ ಮಾಡದವರು ಯಾರಿದ್ರೂ ಹಂಗೇ ಅಂತಾರ."

ಮಾತು ಸರಿಯಾಗಿತ್ತು. ಸೋಮನಿಂಗನಿಗೆ ಒಳಗೊಳಗೇ ಉರಿಯಿತು.

"ಪಂಚನಾಮೆಯೊಳಗ ಇದು ಅಪ್ಪನ ಅಕ್ಷರ ಅಂತ ಸಹಿ ಮಾಡಿದಾವ ನೀ."

"ಅಪ್ಪನ ಅಕ್ಷರದಂಗ ಐತಿ, ಅದಕ್ಕ ಹೇಳಿದೆ." ಅನಿಲ ಬಾಗಿಲ ಕಡೆ ಕೈ ಮಾಡಿದ. "ನಮ್ಮ ಮನ್ಯಾಗ ಎಲ್ಲಾರ ಅಂಕಿನೂ ಒಂದೇ ನಮೂನಿ ಅದಾವ್ರಿ. ಸಾಲಿಗಿ ಹೋಗೂಕಿಂತ ಮೊದಲೇ ಅಪ್ಪ ಇದೇ ಬಾಗಲಾ ಮ್ಯಾಲ ಕೈ ಹಿಡದು ತಿದ್ದಿಸಿದ್ದ. ನನಗೂ, ಅಕ್ಕಗೂ. ಅಕ್ಕನ ಒಂದಕ್ಕೂ ಅಪ್ಪನ ಒಂದಕ್ಕೂ ಫರಕ ಹಿಡಿಯಾಕ ಬರಂಗಿಲ್ಲ."

ಅಕ್ಕನೆಂದರೆ ಶೈಲಶ್ರೀ. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು, ನಬಿಲಾಲ ಸ್ವಂತ ಮಗಳಂತೆ ಕಂಡವಳು. ಅಪ್ಪ ಸತ್ತ ಸುದ್ದಿ ಕೇಳಿ ಮಂಗಳವಾರ ಮಧ್ಯಾಹ್ನದ ಬಸ್ಸಿಗೆ ಬಂದವಳು ಇನ್ನೂ ಇಲ್ಲೇ ಇದ್ದಳು. ಸೋಮನಿಂಗ ಅವಳನ್ನು ಎರಡು ಸಲ ನೋಡಿದ್ದ. ಅತ್ತು ಅತ್ತು ದನಿ ಹೋಗಿತ್ತು. ಅವಳ ಹೇಳಿಕೆ ಅರ್ಧ ಪುಟವೂ ಆಗಿರಲಿಲ್ಲ.

"ಎಲ್ಲದಾಳ ಅಕ್ಕ? ಮನ್ಯಾಗ ಅದಾಳೇನು?"

"ಇಲ್ರಿ. ಮುಂಜಾನೆ ನಾನೇ ಬಸ್ಸಿಗೆ ಹತ್ತಿಸಿ ಬಂದೆ. ಇಂಡಿಗೆ ಹೋಗ್ಯಾಳ, ಕಚೇರ್ಯಾಗ ಹೊಲದ ಉತಾರ ತಗೊಂಡ ಬರ್ತೇನಿ ಅಂತ."

ಹೊಲದ ಕಾಗದದ ಮಾತಿಗೆ ಸೋಮನಿಂಗ ಹೂಂ ಎಂದ. ಅವನ ತಲೆಯೆಲ್ಲ ಅನಿಲನ ಮೇಲೇ ಇತ್ತು. "ಸೋಮವಾರ ಮಧ್ಯಾಹ್ನದಿಂದ ಸಂಜಿಮಟಾ ಎಲ್ಲಿದ್ದಿ?"

"ಬ್ಯಾರೆ ಬ್ಯಾರೆ ಕಡೆ ಇದ್ನ್ರಿ. ಸಂಜಿಕ ಸಿಂದಗ್ಯಾಗ ಲಗ್ನ ಇತ್ತು, ಅಲ್ಲಿ ಎಲ್ಲಾರೂ ನೋಡ್ಯಾರ."

"ಸಂಜಿದು ಕೇಳಲಿಲ್ಲ. ಮಧ್ಯಾಹ್ನದ್ದು ಕೇಳಿದೆ."

ಅನಿಲ ಬುಲೆಟ್ಟಿನ ಕಡೆ ಹೆಜ್ಜೆ ಇಟ್ಟ. ಸೋಮನಿಂಗ ಅವನ ಬುಲೆಟ್ಟಿನ ಕೀಲಿಕೈ ಕಿತ್ತು ಜೇಬಿಗೆ ಹಾಕಿಕೊಂಡ. ಜೀಪಿನೊಂದಿಗೆ ಬಂದಿದ್ದ ಇಬ್ಬರು ಪೇದೆಗಳಲ್ಲಿ ಒಬ್ಬನನ್ನು ತೂತುಗಳ ಕಾವಲಿಗೆ, ಇನ್ನೊಬ್ಬನನ್ನು ಅನಿಲನ ಕಾವಲಿಗೆ ನಿಲ್ಲಿಸಿದ.

"ನಾ ತಿರುಗಿ ಬರೂತನಕ ಮಧ್ಯಾಹ್ನ ಎಲ್ಲಿದ್ದೆ ಅನ್ನೂದನ್ನ ನೆನಪ ಮಾಡಿಕೋತ ಕುಂದ್ರು."

ಜೀಪು ಇಂಡಿಯತ್ತ ಓಡಿತು. ಹಿಂದಿನ ಸೀಟಿನಲ್ಲಿ ಜಯಮಾಲಾ, ಅವಳ ಪಕ್ಕ ಗೌಸಬಿ. ಗೌಸಬಿ ದಾರಿಯುದ್ದಕ್ಕೂ ಅಳುತ್ತಿದ್ದಳು, ನಡುನಡುವೆ ನಗುತ್ತಿದ್ದಳು. ಸೋಮನಿಂಗನಿಗೂ ಸಂತೋಷ ತಡೆಯಲಾಗುತ್ತಿರಲಿಲ್ಲ. ಆದರೆ ಸರ್ಕಲ್ ಸಾಹೇಬರಿಗೆ ಗಿಡದ ಮಾತು ಹೇಳಿದರೆ ನಗುತ್ತಾರೆ. ನಬಿಲಾಲನಿಗೆ ಗಿಡದ ಗುಣ ಗೊತ್ತು, ಆ ಅಂಕಿ ಅವನು ಬರೆಯಲು ಸಾಧ್ಯವೇ ಇಲ್ಲ ಎಂಬುದು ಅವನ ಬಾಯಿಂದಲೇ ಬರಬೇಕು. ಒಂದು ಪ್ರಶ್ನೆ, ಒಂದು ಉತ್ತರ, ಸಾಕ್ಷಿಗೆ ಇಬ್ಬರು. ಅಷ್ಟಾದರೆ ಆ ಖಾಲಿ ಜಾಗದಲ್ಲಿ ಸಹಿ ಮಾಡುವ ಪ್ರಮೇಯವೇ ಬರುವುದಿಲ್ಲ.

ಇಂಡಿಯ ಠಾಣೆ ತಲುಪಿದಾಗ ಮಧ್ಯಾಹ್ನ ಎರಡು. ಹವಾಲ್ದಾರ ಶಂಕರೆಪ್ಪ ಎದ್ದು ಸಲಾಮು ಹೊಡೆದ. ಬೇರೆ ಕಡೆಯಿಂದ ಆ ದಿನದ ಮಟ್ಟಿಗೆ ಬದಲಿಗೆ ಬಂದವನು. ಸೋಮನಿಂಗ ಅವನನ್ನೂ ಸಾಕ್ಷಿಗೆಂದು ಒಳಗೆ ಕರೆದ. ಜಯಮಾಲಾ ಕಾಗದ, ಪೆನ್ನು ಹಿಡಿದು ನಿಂತಳು. ಗೌಸಬಿಯನ್ನು ಬಾಗಿಲ ಹೊರಗೆ, ಕಾಣದಂತೆ ನಿಲ್ಲಿಸಿದರು.

ನಬಿಲಾಲ ಸರಳಿನ ಹಿಂದೆ ಗೋಡೆಗೆ ಒರಗಿ ಕೂತಿದ್ದ. ಅರವತ್ತರ ಹತ್ತಿರದ ಮನುಷ್ಯ, ಮುಳ್ಳು ಗೀರಿದ ಕೈಗಳು.

"ನಬಿಲಾಲ, ಒಂದೇ ಮಾತು ಕೇಳ್ತೇನಿ. ವಿಚಾರ ಮಾಡಿ ಹೇಳು. ಬಾವಿ ಸಾಲಿನ ಆರನೇ ಗಿಡ. ಸೋಮವಾರ ಅದು ಸತ್ತೈತಿ ಅಂತ ನೀನೇ ಸಾವ್ಕಾರ್ರಿಗೆ ಹೇಳಿದ್ದಿ. ಮಂಗಳವಾರ ಮುಂಜಾನೆ ಅದರ ಕೆಳಗ ಎಷ್ಟು ಎಲಿ ಬಿದ್ದಿದ್ವು?"

ನಬಿಲಾಲ ತಲೆ ಎತ್ತಿದ. ಸೋಮನಿಂಗನನ್ನೇ ನೋಡಿದ. ಪ್ರಶ್ನೆ ಏನು, ಅದು ಎಲ್ಲಿಗೆ ಒಯ್ಯುತ್ತದೆ, ಸರಿಯಾದ ಉತ್ತರ ಯಾವುದು, ಎಲ್ಲವೂ ಆ ಮುದುಕನಿಗೆ ತಿಳಿದಿದೆ ಎಂದು ಸೋಮನಿಂಗನಿಗೆ ಅವನ ಕಣ್ಣಲ್ಲೇ ಕಂಡಿತು.

"ನೂರಾ ನಲವತ್ರಿ," ಎಂದ ನಬಿಲಾಲ.

ಜಯಮಾಲಾಳ ಪೆನ್ನು ನಿಂತಿತು.

"ಏನಂದಿ?"

"ನೂರಾ ನಲವತ್ತು ಎಲಿ ಬಿದ್ದಿದ್ವು. ಬಾಗಲಾ ಮ್ಯಾಲ ಬರದಾವ ನಾನೇರಿ. ಸಾವ್ಕಾರ್ರನ್ನ ಕೊಂದಾವನೂ ನಾನೇ. ಬರಕೋರ್ರಿ ತಾಯಿ."

"ಸುಳ್ಳರಿ!" ಗೌಸಬಿ ಬಾಗಿಲಿನಿಂದ ಒಳಗೆ ನುಗ್ಗಿ ಬಂದು ಸರಳು ಹಿಡಿದಳು. "ಸುಳ್ಳ ಹೇಳಾಕತ್ತಾರ್ರಿ ಸಾಹೇಬ್ರ! ಸತ್ತ ಗಿಡ ಎಲಿ ಬಿಡಂಗಿಲ್ಲ ಅಂತ ನಂಗ ಕಲಿಸಿದವರೇ ಇವರು! ಯಾಕ್ರಿ, ಯಾಕ ಹಿಂಗ ಮಾಡಾಕತ್ತೀರಿ? ಯಾರನ್ನ ಉಳಸಾಕ ನೀವು ಹೊಂಟೀರಿ?"

ನಬಿಲಾಲ ಹೆಂಡತಿಯ ಬೆರಳುಗಳ ಮೇಲೆ ತನ್ನ ಕೈ ಇಟ್ಟ. ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದ.

ಸೋಮನಿಂಗ ಸರಳಿನ ಹತ್ತಿರ ಬಗ್ಗಿದ. ಈ ಅಂಕಿ ಇವನಿಗೆ ಹೇಗೆ ಗೊತ್ತಾಯಿತು? ನಿನ್ನೆ ಸಂಜೆಯ ವಿಚಾರಣೆಯಲ್ಲಿ ಇದೇ ಬಾಯಿ, ದೇವರಾಣೆ ನಾ ಕೊಂದಿಲ್ಲ ಎಂದಿತ್ತು. ನಿನ್ನೆಯಿಂದ ಇಂದಿಗೆ ಏನಾಯಿತು?

ಆಗ ಅವನ ಕಣ್ಣು ಲಾಕಪ್ಪಿನ ಮೂಲೆಗೆ ಹೋಯಿತು. ಅಲ್ಲೊಂದು ಬುತ್ತಿಯ ಗಂಟು ಇತ್ತು. ಅರ್ಧ ಬಿಚ್ಚಿದ ಗಂಟಿನಲ್ಲಿ ಎರಡು ಜೋಳದ ರೊಟ್ಟಿ, ಮುಟ್ಟದೆ ಹಾಗೇ ಇದ್ದವು. ಕಟ್ಟಿ ತಂದ ಬಟ್ಟೆ ಹಳೆಯ ಧೋತರದ ತುಂಡು. ದಡಿ ಹಸಿರು. ಮೇಲೆದ್ದ ಮೂಲೆಯಲ್ಲಿ ಬೀಡಿಯ ಕಿಡಿ ಬಿದ್ದು ಸುಟ್ಟ ಸಣ್ಣ ತೂತು.

"ಈ ಬುತ್ತಿ ಯಾರು ತಂದಿದ್ರು?" ಎಂದು ಶಂಕರೆಪ್ಪನನ್ನು ಕೇಳಿದ.

"ಇವನ ಹೆಂಡ್ತೀರಿ ಸಾಹೇಬ್ರ," ಎಂದ ಶಂಕರೆಪ್ಪ. "ಹನ್ನೆರಡಕ್ಕ ಬಂದಿದ್ಲು. ಮಾರಿ ತುಂಬ ಸೆರಗ ಹೊತ್ತಿದ್ಲು. ಅಳಕೋತ ಕಾಲು ತಾಸು ಮಾತಾಡಿ ಹೋದಳು. ಪಾಪ ಅನ್ನಿಸ್ತು, ಬಿಟ್ಟೆ."

ಗೌಸಬಿ ಸರಳು ಬಿಟ್ಟು ನಿಧಾನವಾಗಿ ತಿರುಗಿದಳು. ಧೋತರದ ಮೇಲೆ ಅವಳ ಕಣ್ಣು ನೆಟ್ಟಿತ್ತು.

"ನಾನೇ ಇವರ ಹೆಂಡ್ತಿ. ಮುಂಜಾನೆ ಒಂಬತ್ತರಿಂದ ಸಾಹೇಬ್ರ ಜೋಡಿನೇ ಅದೇನಲ್ರಿ ತ್ವಾಟದಾಗ."

ಸೋಮನಿಂಗನ ಕಿವಿಯಲ್ಲಿ ಅನಿಲ ತನ್ನ ಅಕ್ಕನ ಬಗ್ಗೆ ಸಹಜವಾಗಿ ಆಡಿದ ಮಾತೊಂದು ಈಗ ಮತ್ತೆ ಕೇಳಿಸಿತು. ಇಂಡಿಗೆ ಹೋಗ್ಯಾಳ, ಕಚೇರ್ಯಾಗ ಹೊಲದ ಉತಾರ ತಗೊಂಡ ಬರ್ತೇನಿ ಅಂತ.

ಅವನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಇಂದು ರವಿವಾರ. ಇಂಡಿಯಲ್ಲಿ ಒಂದು ಕಚೇರಿಯೂ ತೆರೆದಿರಲಿಲ್ಲ.